ನಾಲ್ಕು ಚೀಲ ಗೂಟ

ನವೆಂಬರ್ 15, ಶನಿವಾರ

ಗೂಟಗಳಿಗೆ ಎಣ್ಣೆ ಸವರಿದೆ. ಅಡುಗೆ ಎಣ್ಣೆಯೇ. ಇವರು ನೋಡಿ, "ದೋಸೆಗೂ ಇಷ್ಟು ಹಾಕಲ್ಲ ನೀನು" ಅಂದರು. ಹಾಕಲ್ಲ. ದೋಸೆ ಏನು ಟೆಂಟ್ ಹಿಡಿದು ನಿಲ್ಲುತ್ತಾ?

ನಾಲ್ಕು ಚೀಲ. ಗರಸು ನೆಲಕ್ಕೆ ಕಬ್ಬಿಣದ ಸರಳು, ತುದಿ ಚೂಪು ಮಾಡಿಸಿದ್ದು. ಹೊಳೆ ಮರಳಿಗೆ ಮೊಳದುದ್ದದ ಅಗಲ ಮರದ ಗೂಟ. ಉತ್ತ ಹೊಲಕ್ಕೆ ಆಂಗಲ್ ಪಟ್ಟಿ — ಮೆತ್ತಗಿನ ಮಣ್ಣನ್ನು ಅದೇ ಹಿಡಿಯೋದು. ಬಂಡೆಗೆ ಗೂಟವೇ ಇಲ್ಲ. ನಾಲ್ಕನೇ ಚೀಲದಲ್ಲಿ ಬರೀ ಗೋಣಿ, ಹಗ್ಗ. ಗೋಣಿಗೆ ಕಲ್ಲು ತುಂಬಿದರೆ ಅದೇ ಗೂಟ. ಕನಕಪುರದ ಕಡೆ ಕಲ್ಲಿಗೇನು ಬರ.

ಎಲ್ಲಾ ಹಾರೋಹಳ್ಳಿಯ ಗುಜರಿ ಅಂಗಡಿಯಲ್ಲಿ ಆರಿಸಿದ್ದು. ಈ ಜಿಲ್ಲೆಯಲ್ಲಿ ನನ್ನಷ್ಟು ಗೂಟ ಗೊತ್ತಿರುವ ಪಿ.ಟಿ. ಟೀಚರ್ ಇನ್ನೊಬ್ಬಳಿಲ್ಲ. ಹೇಳಿಕೊಳ್ಳಬಾರದು... ನನ್ನ ಡೈರಿ, ಹೇಳಿಕೊಳ್ಳುತ್ತೇನೆ.

ನವೆಂಬರ್ 23, ಭಾನುವಾರ

ಅರ್ಕಾವತಿ ಮರಳಿನಲ್ಲಿ ಪ್ರಾಕ್ಟೀಸ್. ಹಗ್ಗಕ್ಕೆ ನಾನೇ ಜೋತುಬಿದ್ದೆ. ಗೂಟ ಅಲುಗಲಿಲ್ಲ. ತಂಡದ ಜಹೀದಾ ನಕ್ಕಳು — "ಮಿಸ್ಸನ್ನ ತಡ್ಕೊಂಡದ್ದು ಗಾಳೀನ ತಡ್ಕಳಲ್ವಾ?" ತಲೆಹರಟೆ. ಆದರೆ ಗಂಟು ಹಾಕಿದ್ದು ಅವಳೇ. ಅವಳ ಅಪ್ಪ ಶರೀಫ್, ಲಾರಿಗಳಿಗೆ ತಾರ್ಪಾಲ್ ಕಟ್ಟುವವರು, ಗಂಟು ಅವರ ಮನೆಯಲ್ಲೇ ಹುಟ್ಟುತ್ತದೆ.

ಜಿಲ್ಲೆಯ ಟೆಂಟ್ ಸ್ಪರ್ಧೆಯಲ್ಲಿ ಗೆದ್ದ ಒಂದೇ ತಂಡ ರಾಜ್ಯ ಕ್ಯಾಂಪಿಗೆ. ನಮ್ಮ ಶಾಲೆ ಒಮ್ಮೆಯೂ ಹೋಗಿಲ್ಲ. ಇವರೆಲ್ಲ ಹತ್ತನೇ ಕ್ಲಾಸು, ಇದೇ ಕೊನೇ ಸಲ. ಈ ಹುಡುಗಿಯರು ಹೋಗಲೇಬೇಕು.

ಡಿಸೆಂಬರ್ 5, ಶುಕ್ರವಾರ. ಸಂಜೆ 6

ಮಾಗಡಿಯ ಹತ್ತಿರ, ಕೆಂಪಾಪುರದ ಕಡೆ, ಕೊಯ್ಲು ಮುಗಿದ ರಾಗಿ ಹೊಲ. ಕೋಪ ಇನ್ನೂ ಇಳಿದಿಲ್ಲ. ಬರೆದರೆ ಇಳಿಯುತ್ತೇನೋ.

ಬೆಳಿಗ್ಗೆ ಎದುರಾಳಿ ತಂಡದ ಮೇಷ್ಟ್ರು ರುದ್ರಪ್ರಸಾದ್ ನಮ್ಮ ಚೀಲ ನೋಡಿ, "ಏನ್ ಮೇಡಂ, ಗುಜರಿ ಅಂಗಡಿ ಹೊತ್ಕೊಂಡ್ ಬಂದಿದ್ದೀರಾ?" ಅಂದರು. ಅವರದ್ದು ಆನ್‌ಲೈನ್‌ನಲ್ಲಿ ತರಿಸಿದ ಅಲ್ಯೂಮಿನಿಯಂ ಗೂಟ. ಮಿಣಮಿಣ.

ಜಾಗಕ್ಕೆ ಚೀಟಿ. ಎತ್ತಿದ್ದು ನಮ್ಮ ಲೀಡರ್ ಶ್ರುತಿ. ಹೊಲದ ಮೂಲೆಯ ದುಂಡನೆ ಸಪಾಟು ಜಾಗ ಬಂತು. ಒಂದು ಕಲ್ಲಿಲ್ಲ, ಕಡ್ಡಿಯಿಲ್ಲ. ಒದ್ದು ನೋಡಿದೆ, ಸಿಮೆಂಟಿನಷ್ಟು ಗಟ್ಟಿ. ಕಬ್ಬಿಣದ ಚೀಲ! ಕಣ್ಣು ಮುಚ್ಚಿಕೊಂಡು ಹೊಡೆಯಬಹುದು. ಗೆದ್ದೆವು ಅಂದುಕೊಂಡೆ.

ವಿಸಲ್ ಆಯಿತು. ವಿಸಲ್ ಆದ ಮೇಲೆ ಟೀಚರ್ ಗಡಿ ದಾಟುವ ಹಾಗಿಲ್ಲ. ಹುಡುಗಿಯರು ಸುತ್ತಿಗೆ ಎತ್ತಲಿಲ್ಲ. ಕೂತು ಶೂ ಬಿಚ್ಚುತ್ತಿದ್ದಾರೆ!

"ಏಯ್, ಹೊಡೀರೇ!" ಕೂಗಿದೆ.

"ಮಿಸ್, ಇದು ಕಣ," ಅಂದಳು ಶ್ರುತಿ. "ಶೂ ಆಕ್ಕಂಡ್ ತುಳಿಯಂಗಿಲ್ಲ. ಮೊನ್ನೆ ತಾನೆ ಸಗಣಿ ಬಗ್ಗಡ ಬಳ್ದವ್ರೆ. ಒಕ್ಕಣೆ ಇನ್ನೂ ಆಗಿಲ್ಲ. ತೂತು ಬಿದ್ರೆ ಕಾಳೆಲ್ಲ ಅದ್ರೊಳೀಕೆ ಓಯ್ತದೆ, ಇರುವೆ ಬತ್ತವೆ."

ನಾನು ರಾಮನಗರ ಪೇಟೆಯಲ್ಲಿ ಬೆಳೆದವಳು. ಒಕ್ಕಣೆ ಅಂದರೆ ಟಾರ್ ರೋಡಿನ ಮೇಲೆ ರಾಗಿ ಹಾಸಿ ಬಸ್ಸು ಹತ್ತಿಸುವುದು, ಅಷ್ಟೇ ನೋಡಿದ್ದು. ಕಣ ಅಂತ ತಿಳಿಯಲಿಲ್ಲ. ತಿಳಿದ ಮೇಲೂ ಹೊಡೆದುಬಿಡಲಿ ಅಂತಲೇ ಅನ್ನಿಸಿತು.

"ಮಾರ್ಕ್ಸ್ ಹೋಗುತ್ತೆ ಕಣೇ!"

"ಓಗ್ಲಿ ಬುಡಿ ಮಿಸ್," ಅಂದಳು. ಅಷ್ಟೇ. ನನಗೆ!

ಜಹೀದಾ ಓಡಿಹೋಗಿ ಹೊಲದ ಯಜಮಾನಿ ಬೋರಮ್ಮನನ್ನು ಕರೆತಂದಳು. ಆಕೆ ಬಂದದ್ದೇ ಸಿಡುಕುತ್ತಾ — "ನನ್ ಮಗ ಒಲ ಕೊಟ್ಟಿವ್ನಿ ಅಂದ. ಕಣ ಕೊಡು ಅಂತ ಯಾರವ್ವ ಯೋಳ್ದೋರು?"

"ಗೂಟ ಒಡೆಯಕಿಲ್ಲ ಅಜ್ಜಿ," ಅಂದಳು ಶ್ರುತಿ. "ಮೇಟಿ ಕುಣೀಲಿ ಕಂಬ ನಿಲ್ಲುಸ್ಕಬೋದಾ?"

ಮೇಟಿ ಅಂದರೆ ಒಕ್ಕಣೆಯಲ್ಲಿ ಎತ್ತು ಸುತ್ತುವುದಕ್ಕೆ ಕಣದ ನಡುವೆ ನೆಡುವ ಕಂಬವಂತೆ. ಅದರ ಕುಣಿ ಅಲ್ಲೇ ಇತ್ತು, ಮೇಲೆ ಚಪ್ಪಡಿ ಮುಚ್ಚಿ. ಮುದುಕಿ ಚಪ್ಪಡಿಯತ್ತ ಕೈ ತೋರಿಸಿತು. "ನಿಲ್ಲುಸ್ಕೊ. ಒಸಿ ನಿಗಾ."

ನಮ್ಮದು ಒಂಟಿ ಕಂಬದ ಟೆಂಟ್. ಕಂಬ ಕುಣಿಯಲ್ಲಿ ಜಪ್ಪಯ್ಯ ಅಂದರೂ ಅಲ್ಲಾಡದ ಹಾಗೆ ನಿಂತಿತು. ಹಗ್ಗ ಕಣದ ಆಚೆಗೆ ಸಾಲಲಿಲ್ಲ. ಬಂಡೆ ಚೀಲದ ಹಗ್ಗ ತೆಗೆದು ಜಹೀದಾ ಒಂದೊಂದಕ್ಕೂ ಜೋಡಿಸಿದಳು, ಲಾರಿ ಗಂಟು. ಗೂಟ ಬಿದ್ದದ್ದು ಆಚೆಯ ಕೂಳೆ ಹೊಲಕ್ಕೆ — ಆಂಗಲ್ ಪಟ್ಟಿ. ಕೋಪದಲ್ಲೂ ನೋಡಿದೆ, ಓರೆ ಸರಿಯಾಗಿತ್ತು.

ಎಲ್ಲರಿಗಿಂತ ಕೊನೆ. ಟೈಮ್ ಮಾರ್ಕ್ ಹೋಯಿತು. ಜಡ್ಜ್ ಮುನಿಶಾಮಯ್ಯ ಬರಿಗಾಲು ನೋಡಿ ಯೂನಿಫಾರ್ಮಿನ ಮಾರ್ಕೂ ಕತ್ತರಿಸಿದರು. ಶ್ರುತಿಯನ್ನು ಮಾತಾಡಿಸಲಿಲ್ಲ ನಾನು.

ಡಿಸೆಂಬರ್ 6, ಶನಿವಾರ. ಬೆಳಿಗ್ಗೆ 10

ಬೆಳಗಿನ ಜಾವ ಗಾಳಿ, ಜೊತೆಗೆ ಸೋನೆ. ಎದ್ದು ಓಡಿದೆ. ಎರಡು ಟೆಂಟ್ ಮಕಾಡೆ ಮಲಗಿದ್ದವು. ನಮ್ಮದು ನಿಂತಿತ್ತು! ರುದ್ರಪ್ರಸಾದರದ್ದೂ ನಿಂತಿತ್ತು, ಸುಳ್ಳು ಯಾಕೆ ಬರೆಯಲಿ.

ಟೆಂಟ್ ಬಿಚ್ಚಿದ ಮೇಲೆ ಕೊನೇ ಇನ್ಸ್‌ಪೆಕ್ಷನ್ — ನೆಲವನ್ನು ಸಿಕ್ಕ ಹಾಗೇ ಬಿಟ್ಟುಕೊಟ್ಟಿದ್ದೀರಾ ಅಂತ, ಅದಕ್ಕೂ ಮಾರ್ಕು. ಪ್ರಾಕ್ಟೀಸಿನಲ್ಲಿ ಅದಕ್ಕೆ ಗಮನವನ್ನೇ ಕೊಟ್ಟವಳಲ್ಲ ನಾನು. ಹಿಮ್ಮಡಿಯಲ್ಲಿ ತೂತು ತುಳಿದು ಮುಚ್ಚಿದರೆ ಆಯಿತು ಅನ್ನುತ್ತಿದ್ದೆ. ಉಳಿದ ಜಾಗಗಳೆಲ್ಲ ಕೆಸರು, ತೂತು. ನಮ್ಮ ಟೆಂಟಿನ ಅಡಿ ಕಣ ಒಣಗಿಕೊಂಡೇ ಇತ್ತು. ಬೋರಮ್ಮ ಕೈಯಲ್ಲಿ ಸವರಿ ನೋಡಿತು.

ಮುನಿಶಾಮಯ್ಯ ಕಣದ ಅಂಚಿನವರೆಗೆ ಬಂದರು. ನಿಂತರು. ಶೂ ಬಿಚ್ಚಿದರು. ಸಾಕ್ಸ್ ಕೂಡ. ಬರಿಗಾಲಲ್ಲಿ ಪೂರ್ತಿ ಸುತ್ತು ಹಾಕಿದರು, ಬಗ್ಗಿ ಬಗ್ಗಿ.

"ಉಡ್ಕು, ಉಡ್ಕು," ಅಂದಿತು ಬೋರಮ್ಮ. "ನಂಗೂ ಒಂದ್ ತೂತು ಸಿಕ್ನಿಲ್ಲ."

ಅವರು ಶ್ರುತಿಯ ಮುಂದೆ ಬಂದು, "ನೆನ್ನೆ ಶೂಗೆ ಕಳ್ದ ಮಾರ್ಕ್ ವಾಪಸ್ ಕೊಡಕಾಗಲ್ಲ ಕಣವ್ವ. ರೂಲು," ಅಂದರು. ಅವರ ಶೂ ಅವರ ಕೈಯಲ್ಲೇ ಇತ್ತು.

ಮಧ್ಯಾಹ್ನ 1

ನಾವು! ಅರ್ಧ ಮಾರ್ಕಿನಲ್ಲಿ. ಅರ್ಧವಾದರೇನು, ನಾವು!

ಶ್ರುತಿಯನ್ನು ಎಲ್ಲರೆದುರೇ ತಬ್ಬಿಕೊಂಡೆ. "ಮಿಸ್, ವಿಸಲ್ ಚುಚ್ತದೆ" ಅಂದಳು. ಚುಚ್ಚಲಿ. ಇವಳಿಗೆ ಗೂಟ ಹೊಡೆಯುವುದು ಕಲಿಸಿದ್ದು ನಾನು. ಎಲ್ಲಿ ಹೊಡೆಯಬಾರದು ಅನ್ನುವುದನ್ನು ನಾನು ಕಲಿಸಿದ್ದಲ್ಲ. ಎರಡಕ್ಕೂ ಹೆಮ್ಮೆ ನನಗೇ ಬಂದರೆ ಏನು ಮಾಡಲಿ.

ರುದ್ರಪ್ರಸಾದ್ ಕೈಕುಲುಕಿ ಕೇಳಿದರು, "ಆ ಆಂಗಲ್ ಪಟ್ಟಿ ಎಲ್ಲಿ ಸಿಗುತ್ತೆ ಮೇಡಂ?"

"ಗುಜರಿ ಅಂಗಡೀಲಿ ಸರ್."

ಡಿಸೆಂಬರ್ 16, ಮಂಗಳವಾರ

ರಾಜ್ಯ ಕ್ಯಾಂಪಿಗೆ ಪ್ಯಾಕಿಂಗ್. ಯಾವ ಚೀಲ ಮೇಲಿರಬೇಕು? ಕ್ಯಾಂಪ್ ಆಫೀಸಿಗೆ ಫೋನ್ ಮಾಡಿ ನೆಲ ಎಂಥದು ಅಂತ ಕೇಳಿದೆ. ಕೆಂಪು ಮಣ್ಣು ಅಂದರು. ಸಾಲದು ಅಂದೆ. ಯಾರ ನೆಲ ಸರ್ ಅದು?

"ಯಾರದ್ದು ಅಂದ್ರೆ... ಗ್ರೌಂಡ್ ಮೇಡಂ, ಗ್ರೌಂಡು. ಯಾಕೆ?"

"ನಮ್ಮ ಲೀಡರ್ ಮೊದಲು ಅವರನ್ನ ಕೇಳಬೇಕಂತೆ. ಆಮೇಲೇ ಚೀಲ ಬಿಚ್ಚೋದು."

ವಿಚಾರಿಸಿ ಹೇಳುತ್ತಾರಂತೆ. ಶ್ರುತಿ ಪಕ್ಕದಲ್ಲೇ ಕೂತು ಚೀಲದಿಂದ ಹೊರಗುಳಿದ ಗೂಟಕ್ಕೆ ಎಣ್ಣೆ ಸವರುತ್ತಿದ್ದಾಳೆ, ಅಡುಗೆ ಎಣ್ಣೆಯೇ. ನಾಲ್ಕೂ ಚೀಲದ ಬಾಯಿ ಕಟ್ಟಿಯೇ ಇದೆ. ಫೋನ್ ಬರುತ್ತಿದೆ, ಅವಳೇ ಎತ್ತಿದಳು — "ನಮಸ್ಕಾರ, ನೆಲ ನಿಮ್ದೇನಾ..."