ಬೇಲಿ ಪಕ್ಕದ ಮೂರು ಸಾಲು

ಅಟೋಕ್, ಜನವರಿ ೧೯, ಸೋಮವಾರ

ಇವತ್ತೂ ಎದ್ದದ್ದು ತಡ. ಎಲೆಕೋಸಿನ ಮೇಲೆ ಕೂತ ಹಿಮವನ್ನು ಬಿಸಿಲು ಬೀಳುವ ಮೊದಲೇ ನೀರೆರಚಿ ತೊಳೆಯದಿದ್ದರೆ ಎಲೆ ಸುಟ್ಟಂತೆ ಕಪ್ಪಾಗುತ್ತದೆ. ಪ್ರತಿ ಚಳಿಗಾಲ ಪಕ್ಕದ ಮನೆಯ ಡಾಮಿಯಾನಾ ಬೇಲಿಯಿಂದ ಕೂಗಿ ಎಬ್ಬಿಸುತ್ತಿದ್ದಳು. ಮದುವೆಮನೆಯಲ್ಲಿ ಎಲ್ಲರೆದುರು ಅವಳ ಹಾಡನ್ನು ಅಣಕಿಸಿದೆನಲ್ಲ, ಅಂದಿನಿಂದ ಕೂಗಿಲ್ಲ. ಆವತ್ತು ಬಿದ್ದು ಬಿದ್ದು ನಕ್ಕವರು ಯಾರೂ ನನ್ನನ್ನು ಎಬ್ಬಿಸಲು ಬರುವುದಿಲ್ಲ.

ಹಿತ್ತಿಲ ಕೋಸೆಲ್ಲ ಕಪ್ಪು. ಬೇಲಿ ಪಕ್ಕದ ಮೂರು ಸಾಲು ಮಾತ್ರ ಒದ್ದೆ, ಹಸಿರು. ಆಚೆಯಿಂದ ಎರಚಿದ ನೀರು ಬೀಳುವಷ್ಟು ದೂರ.

"ನೀನೇನಾ ಎರಚಿದ್ದು, ಡಾಮಿಯಾನಾ?"

"ನನ್ ಗಿಡಕ್ಕೆ ಹಾಕ್ತಿದ್ದೆ, ಮೇಷ್ಟ್ರೇ. ಕೈ ಜಾರ್ತು."

"ಮೂರು ಸಾಲಿನುದ್ದಕ್ಕೂ ಜಾರ್ತಾ?"

ನಗಲಿಲ್ಲ, ಒಳಗೆ ಹೋದಳು. ಹೇಳಬೇಕಾದದ್ದು ಬೇರೆಯೇ ಇತ್ತು. ಬಾಯಿಗೆ ಬಂದದ್ದು ಮತ್ತೆ ತಮಾಷೆ. ನಾಳೆಗೆ ಬರೆದಿಟ್ಟುಕೊಂಡೇ ಮಲಗುತ್ತೇನೆ: ಡಾಮಿಯಾನಾ, ಆವತ್ತು ನಾನು…