ಹತ್ತು ಪಾಲು ನೀರು

ಜೂನ್ ೯, ಸೋಮವಾರ
ಲೋಕಲ್ ರೈಲಿನಿಂದ ಕ್ರೋಂಪೇಟೆಯಲ್ಲಿ ಇಳಿಯುವಷ್ಟರಲ್ಲಿ ಮೈಯೆಲ್ಲ ಬೆವರು. ಲ್ಯಾಬಿಗೆ ಮತ್ತೆ ನೆಲ್ಲಿಕಾಯಿ ಮಾತ್ರೆಯ ಬ್ಯಾಚು. ಗ್ಯಾಲಿಕ್ ಆಸಿಡ್ ಸ್ಟ್ಯಾಂಡರ್ಡ್ ತೂಗಿ, ಮಾತ್ರೆಯ ಸತ್ವವನ್ನು ಅದಕ್ಕೆ ಹೋಲಿಸಿ, ಸಹಿ ಹಾಕಿದೆ. ಪಾಸ್. ನನ್ನ ಕೈಕೆಳಗಿದ್ದ ಅಭಿಲಾಷ್ ಇದ್ದಿದ್ದರೆ ಇದನ್ನೂ ಫೇಲ್ ಅನ್ನುತ್ತಿದ್ದ. ಹುಡುಗನನ್ನು ಕೆಲಸದಿಂದ ತೆಗೆದು ಮೂರು ವಾರ. ಒಂದೇ ಬ್ಯಾಚಿಗೆ ನನ್ನ ಅಂಕಿ ಒಂದು, ಅವನದು ಇನ್ನೊಂದು. ಹನ್ನೊಂದು ವರ್ಷ ಪಳಗಿದ ಕೈ ನನ್ನದು — ನನ್ನನ್ನೇ ನಂಬಿದರು. "ಅಕ್ಕಾ, ಒಂದ್ಸಲ ಬಾಟ್ಲು ನೋಡಿ" ಅಂದಿದ್ದ. ನೋಡಲಿಲ್ಲ. ಏನು ನೋಡುವುದು?

ಜೂನ್ ೧೨, ಗುರುವಾರ
ಶಿವನೇ.
ಸ್ಟ್ಯಾಂಡರ್ಡಿನ ಸಣ್ಣ ಸೀಸೆ ಖಾಲಿ. ದೊಡ್ಡ ಬಾಟಲಿಯಿಂದ ತುಂಬಿಕೊಳ್ಳಲು ಹೋದೆ. ಸೀಸೆಯ ಮೇಲೆ ನನ್ನದೇ ಕೈಬರಹ: ಗ್ಯಾಲಿಕ್ ಆಸಿಡ್. ಬಾಟಲಿಯ ಮೇಲೆ ಇನ್ನೂ ಒಂದು ಪದ — ಮಾನೋಹೈಡ್ರೇಟ್. ಅಂದರೆ ಪುಡಿಯೊಳಗೇ ನೂರಕ್ಕೆ ಹತ್ತು ಪಾಲು ನೀರು! ಫೆಬ್ರವರಿಯಲ್ಲಿ ಹೊಸ ಕಂಪನಿಯ ಮಾಲು ಬಂದಾಗಿನಿಂದ ನೀರನ್ನೂ ಆಸಿಡ್ ಅಂತ ತೂಗಿದ್ದೇನೆ. ಹೋಲಿಸುವ ಆಸಿಡ್ಡೇ ಕಮ್ಮಿ, ಅದಕ್ಕೇ ಮಾತ್ರೆಯ ಸತ್ವ ಜಾಸ್ತಿ ಕಂಡಿದ್ದು. ಅಭಿಲಾಷ್ ನೀರು ಕಳೆದು ಲೆಕ್ಕ ಹಾಕಿದ್ದ. ಅವನೇ ಸರಿ.


ಜೂನ್ ೧೩, ಶುಕ್ರವಾರ
ಮ್ಯಾನೇಜರ್ ತಿರುಮಲ ಸರ್‌ಗೆ ಹೇಳಿಬಿಟ್ಟೆ. ಎದ್ದು ಬಾಗಿಲು ಹಾಕಿದರು. "ಸುಮ್ನಿರಮ್ಮಾ. ಮುಡಿಂಜು ಪೋಚ್ಚು, ಮುಗ್ದೋಯ್ತು. ಹದಿನಾಲ್ಕು ಬ್ಯಾಚ್ ಅಂಗಡಿಗೆ ಹೋಗಿದೆ. ವಾಪಸ್ ತರ್ಸಿದ್ರೆ ನೀನೂ ಇಲ್ಲ, ನಾನೂ ಇಲ್ಲ." ಬಾಟಲಿ, ಸೀಸೆ ಎರಡನ್ನೂ ಎಸೆಯಲು ಹೇಳಿದರು. ಎಸೆಯಲಿಲ್ಲ. ಊಟದ ಚೀಲದಲ್ಲಿ ಮನೆಗೆ ತಂದೆ. ಯಾಕೆ ತಂದೆನೋ.

ಜೂನ್ ೨೨, ಭಾನುವಾರ
ಬರೆಯಲಾಗಲಿಲ್ಲ ಇಷ್ಟು ದಿನ. ನಿದ್ದೆಯೂ ಇಲ್ಲ.
ಅಭಿಲಾಷ್ ಫೋನ್ ಮಾಡಿದ್ದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಅಕ್ಕಾ, ಅವತ್ತು ಎದುರು ಮಾತಾಡ್ಬಿಟ್ಟೆ, ಬೇಜಾರ್ ಮಾಡ್ಕೋಬೇಡಿ. ನೀವು ಬಾಟ್ಲು ನೋಡೇ ಸೈನ್ ಹಾಕಿರ್ತೀರ, ನಂಗೊತ್ತು. ನನ್ ಕೈನೇ ಸರಿಯಿಲ್ಲ ಅನ್ಸುತ್ತೆ. ಲ್ಯಾಬ್ ಸಹವಾಸ ಸಾಕು. ಎಣ್ಣೂರಲ್ಲಿ ಗೋಡೌನ್ ಕೆಲ್ಸಕ್ಕೆ ಸೇರ್ಕೋತಿದೀನಿ. ಅದಕ್ಕೆ ಮುಂಚೆ ಒಂದ್ಸಲ ನಿಮ್ಮನ್ನ ನೋಡ್ಕೊಂಡು ಹೋಗ್ತೀನಿ."
ಮುಂದಿನ ಭಾನುವಾರ ಬಾ ಅಂದೆ. ಅಷ್ಟೇ ಅಂದೆ. ಹೇಡಿ ನಾನು, ಶುದ್ಧ ಹೇಡಿ. ಅವನ ಕೈ ಚಿನ್ನದಂಥದ್ದು ಅಂತ ಹೇಳಲು ಬಾಯಿ ಬರಲಿಲ್ಲ.
ನಾನು ಹೇಳಿದ್ದೆಲ್ಲ ಕೇಳಿಸಿಕೊಂಡು ಇವರು ಇಷ್ಟೇ ಕೇಳಿದರು: "ಅಂವಗ ಹೇಳಿದ್ಯೇನ?"

ಜೂನ್ ೨೯, ಭಾನುವಾರ, ಬೆಳಿಗ್ಗೆ ೧೦
ಉಪ್ಪಿಟ್ಟು ಆರಿಹೋಯಿತು. ಅಣ್ಣಾ ನಗರ್ ಮೆಟ್ರೊದಲ್ಲಿ ಇಳಿದೆ ಅಂತ ಅವನ ಮೆಸೇಜ್. ನನ್ನ ಕೆಲಸ ಹೋಗುತ್ತದೆ. ಹೋಗಲಿ… ಹಾಗೆಂದು ಧೈರ್ಯ ಬಂದಿಲ್ಲ. ಬಾಟಲಿಯನ್ನು ಎರಡು ಸಲ ಬೀರುವಿಗೆ ಸೇರಿಸಿದೆ, ಎರಡು ಸಲ ತೆಗೆದೆ. ಈಗ ನಡುಮನೆಯ ಟೀಪಾಯಿ ಮೇಲಿದೆ, ಲೇಬಲ್ ಬಾಗಿಲ ಕಡೆಗೆ. ಪಕ್ಕದಲ್ಲಿ ಸೀಸೆ, ನನ್ನ ಕೈಬರಹ. ನಾನು ಮಾತ್ರ ಒಳಕೋಣೆಯಲ್ಲಿ, ಈ ಪುಸ್ತಕ ಹಿಡಿದು.
ಬೆಲ್. "ಬಾರಪಾ, ಒಳಗ ಬಾ" — ಇವರು. ಚಪ್ಪಲಿ ಬಿಡುವ ಸದ್ದು.
ಟೀಪಾಯಿಯ ಹತ್ತಿರ ಅವನ ಹೆಜ್ಜೆ ನಿಂತಿತು.
ಓದುತ್ತಿದ್ದಾನೆ. ಏಳಬೇಕು ನಾನು, ಈಗಲೇ, ಎದ್ದು ಹೋಗಿ ಅವನ ಎದುರು, ತಪ್ಪು ನನ್ನದು, ನಿನ್ನ ಕೈಯದಲ್ಲ ಅಂತ —