ಅಪ್ಪನ ನಾಡಿಯ ವೇಗ

ಮಾರ್ಚ್ ೧೨, ಮಂಗಳವಾರ

ಆ ಫಾರ್ಮ್ ಇನ್ನೂ ಮೇಜಿನ ಮೇಲೆ ಬಿದ್ದಿದೆ. ಸಿನಿಮಾದ ಕೊನೆಯ ದೃಶ್ಯಕ್ಕೆ ನಾನು ಮಾಡಿದ ವಾದ್ಯಸಂಗೀತದ ವಿವರ ಬೇಕಂತೆ. ಸ್ಕೇಲ್: ಡಿ ಮೈನರ್, ಬರೆದೆ. ಭಾವ: ಶೋಕ, ಅದನ್ನೂ ಬರೆದೆ. ವೇಗದ ಮುಂದೆ ಪೆನ್ನು ನಿಂತುಹೋಯಿತು.

ಇವತ್ತು ಸ್ಟುಡಿಯೋದಲ್ಲಿ ಎಲ್ಲರೂ ಆ ಸಂಗೀತ ಕೇಳಿದರು. ಚೆಲ್ಲೋ ನುಡಿಸಿದವಳು ಕಣ್ಣೊರೆಸಿಕೊಂಡಳು. ನಿರ್ದೇಶಕ ಬೆನ್ನು ತಟ್ಟಿದ. "ಕೊನೇಲಿ ನಿಧಾನ ಆಗುತ್ತಲ್ಲ, ಕರುಳು ಕಿತ್ತು ಬರುತ್ತೆ ಕಣೋ. ಎಲ್ಲಿಂದ ಹೊಳೀತು ನಿಂಗೆ?"

ಹಾಳಾದವನೇ, ಅದು ಹೊಳೆದದ್ದಲ್ಲ. ಎಣಿಸಿದ್ದು.

ಸಿಕ್ಕಿದ್ದರ ವೇಗವನ್ನೆಲ್ಲ ಎಣಿಸುವುದು ನನ್ನ ಹಳೆಯ ಚಟ: ಫ್ಯಾನು, ತೊಟ್ಟಿಕ್ಕುವ ನಲ್ಲಿ, ಮೇಲಿನ ಮನೆಯವರ ನಡಿಗೆ. ಕಳೆದ ತಿಂಗಳ ಆ ಮಧ್ಯಾಹ್ನ, ಹಾಸಿಗೆ ಹಿಡಿದಿದ್ದ ಅಪ್ಪನ ಪಕ್ಕ ಕೂತು ಮಣಿಕಟ್ಟು ಹಿಡಿದಿದ್ದೆ. ನಾಡಿ ಅರವತ್ತು. ಸಿನಿಮಾದ ಕೊನೆಯ ದೃಶ್ಯಕ್ಕೆ ಹೇಳಿ ಮಾಡಿಸಿದ ಹಾಗಿದೆ ಅನ್ನಿಸಿ ಬರೆದುಕೊಂಡೆ. ಆಮೇಲೆ ಐವತ್ತೆರಡು. ಆಮೇಲೆ ನಲವತ್ತೊಂದು. ಎಷ್ಟು ಚೆನ್ನಾಗಿ ಇಳಿಯುತ್ತಿದೆ ಅಂದುಕೊಂಡೆನೇ ಹೊರತು, ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಅಕ್ಕನನ್ನು ಕೂಗಲಿಲ್ಲ. ಇಪ್ಪತ್ತು ವರ್ಷ ನರ್ಸ್ ಆಗಿದ್ದವಳು ಅವಳು. ಒಂದು ಕೂಗು ಸಾಕಿತ್ತು.

ಸಂಜೆ ಅಕ್ಕ ಫೋನಿನಲ್ಲೇ ಇಡೀ ಟ್ರ್ಯಾಕ್ ಕೇಳಿ ಅತ್ತಳು. "ಅಪ್ಪ ಹೋಗುವಾಗ ನೀನಾದ್ರೂ ಕೈ ಹಿಡ್ಕೊಂಡಿದ್ಯಲ್ಲೋ. ನಂಗೆ ಅಷ್ಟೇ ಸಮಾಧಾನ."

ಹೂಂ ಅಂದೆ.

ಹಿಡಿದಿದ್ದೆ, ನಿಜ. ಕೊನೆಯ ಬಡಿತದ ನಂತರವೂ ಬಿಡಲಿಲ್ಲ, ಮುಂದಿನದಕ್ಕೆ ಕಾಯುತ್ತಿದ್ದೆ. ಇನ್ನೊಂದು ಕೈಯಲ್ಲಿ ಪೆನ್ಸಿಲ್ ಇತ್ತು.